ಲ್ಯಾಪ್‌ಟಾಪಿಗೊಂದು ಬೆಚ್ಚನೆಯ ಗವಸು

ಒಂದಾನೊಂದು ಊರಿನಲ್ಲಿ ಉಗುರಗಲದ ಅರಮನೆಯೊಂದಿತ್ತು. ಅಲ್ಲಿ ಇಬ್ಬರೇ ಆಳುಗಳು. ಕಿಟಕಿ ಇಲ್ಲ, ಫ್ಯಾನ್ ಇಲ್ಲ, ಊಟವೆಂದರೆ ಆರೇ ಆರು ವ್ಯಾಟ್ ಕರೆಂಟು. ಆದರೂ ಪಾಪ, ಸುಮ್ಮನೆ ನಡೆದರೆ ಸೆಕೆಂಡಿಗೆ ನೂರಹತ್ತು ಕೋಟಿ ಹೆಜ್ಜೆ. ಹುರುಪು ಬಂದು ಓಡಿದರೆ ಇನ್ನೂರೆಂಬತ್ತು ಕೋಟಿ!

ಡಬ್ಬದ ಮೇಲೆ ಇದನ್ನೇ 'ಎರಡು ಕೋರ್ ಪ್ರೊಸೆಸರ್, 1.1ರಿಂದ 2.8 ಗಿಗಾಹರ್ಟ್ಸ್' ಎಂದು ಒಣಒಣವಾಗಿ ಬರೆದಿದ್ದರು. ಮಕ್ಕಳ ಲೈಬ್ರರಿಯಲ್ಲಿ ಕೆಲಸ ಮಾಡುವ ಮೊಮ್ಮಗಳು ಮಾತ್ರ ಅದನ್ನು ಅರಮನೆಯೆಂದೇ ಓದಿಕೊಂಡು, ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಿದ್ದಳು. ಕೂತಲ್ಲೇ ಕನಸಿಗೆ ಜಾರುವ ಅವಳನ್ನು ಅಜ್ಜಿ ಕರೆಯುತ್ತಿದ್ದುದೇ ಮೋಡದಮ್ಮ ಎಂದು.

ಅಜ್ಜಿಯ ಮಂಡಿಗೆ ಲೈಬ್ರರಿಯ ಮೆಟ್ಟಿಲು ಹತ್ತುವ ತಾಕತ್ತಿರಲಿಲ್ಲ. ಹಾಗಾಗಿ ಮೋಡದಮ್ಮ ಅಜ್ಜಿಯ ಕಥೆಯನ್ನು ಅಜ್ಜಿಯ ದನಿಯಲ್ಲೇ ರೆಕಾರ್ಡ್ ಮಾಡಿ, ಚಿತ್ರ ಬರೆದು ಜೋಡಿಸಿ, ವಾರಕ್ಕಿಷ್ಟರಂತೆ ಮಕ್ಕಳಿಗೆ ತೋರಿಸುತ್ತಿದ್ದಳು. ಚಂದ್ರನಿಗೆ ದೀಪ ಕೊಡಲು ಹೊರಟ ಬಸವನಹುಳು ಈಗ ಹೊಳೆಯ ದಡದಲ್ಲಿ ನಿಂತಿತ್ತು. ಕೊನೆಯ ಭಾಗಕ್ಕೆ ಎರಡು ಸಲ ವಾಯಿದೆ ಹೇಳಿಯಾಗಿತ್ತು. ಎರಡನೆಯ ಸಲ, ಮುಂದಿನ ಹಲ್ಲೆರಡು ಬಿದ್ದ ಹುಡುಗಿಯೊಬ್ಬಳು ಸೊಂಟಕ್ಕೆ ಕೈಕೊಟ್ಟು, "ಅಕ್ಕ, ನೀವು ಬರೀ ಸುಳ್ಳು ಹೇಳ್ತೀರ," ಎಂದಿದ್ದಳು. ಮೋಡದಮ್ಮನಿಗೆ ಆ ಮಾತು ಎದೆಗೆ ನಾಟಿತ್ತು. "ಶುಕ್ರವಾರ ನಾಲ್ಕು ಗಂಟೆಗೆ ತೋರಿಸ್ತೀನಿ. ತಪ್ಪಿದ್ರೆ ಇನ್ನು ಯಾವತ್ತೂ ನನ್ನ ಕಥೆ ನಂಬಬೇಡಿ," ಎಂದು ಮಾತು ಕೊಟ್ಟು ಬಂದಿದ್ದಳು.

ಇವತ್ತೇ ಶುಕ್ರವಾರ. ಬೆಳಗ್ಗೆ ಒಂಬತ್ತಕ್ಕೆ ಚಿತ್ರಗಳನ್ನೂ ದನಿಯನ್ನೂ ಒಂದೇ ವೀಡಿಯೊ ಮಾಡಲು ಬಿಟ್ಟಿದ್ದಳು. ಮಧ್ಯಾಹ್ನ ಹನ್ನೆರಡಾದರೂ ಪರದೆಯ ಮೇಲೆ ಮೂವತ್ತೊಂದೇ ಪರ್ಸೆಂಟು. ಕೆಳಗೆ, 'ಇನ್ನೂ ಆರು ಗಂಟೆ ನಲವತ್ತು ನಿಮಿಷ.'

ಅವಳು ರಿಪೇರಿ ಅಂಗಡಿಯ ಸ್ಕ್ರೂ ಮಾಮನಿಗೆ ಫೋನ್ ಹಚ್ಚಿದಳು.

"ಮಾಮ, ನನ್ನ ಆಳುಗಳು ಮುಷ್ಕರ ಹೂಡಿದಾರೆ!"

"ಯಾವ ಆಳುಗಳೇ ತಾಯಿ? ಓ, ಆ ಬಡಪಾಯಿ ಪ್ರೊಸೆಸರ್ರಾ? ಅದಕ್ಕೆ ಫ್ಯಾನ್ ಇಲ್ಲ ಮಗು, ತಳದಿಂದಲೇ ಬಿಸಿ ಹೊರಗೆ ಹೋಗ್ಬೇಕು. ಕಾವೇರಿದ್ರೆ ಸುಟ್ಟು ಹೋಗಬಾರದು ಅಂತ ತಾನೇ ನಿಧಾನ ಮಾಡ್ಕೊಳ್ಳುತ್ತೆ. ಹಾಸಿಗೆ ಮೇಲೇನಾದ್ರೂ ಇಟ್ಟಿದೀಯಾ?"

"ಇಲ್ಲ ಮಾಮ, ಮೇಜಿನ ಮೇಲೇ ಇದೆ. ಆದ್ರೆ..."

ಆದ್ರೆ ಎಂದವಳ ಕಣ್ಣು ಮೇಜಿನತ್ತ ಹೊರಳಿತು. ಲ್ಯಾಪ್‌ಟಾಪ್ ಗವಸು ತೊಟ್ಟು ಕೂತಿತ್ತು. ಬೆಳಗ್ಗೆ ಅದು ಆನ್ ಆಗಲು ತಿಣುಕುವುದನ್ನು ನೋಡಿದ್ದ ಅಜ್ಜಿ, "ಚಳಿ ಹಿಡಿದಿದೆ ಕಣೇ. ನನ್ನ ಮಂಡಿನೂ ಹಾಗೇ, ಬೆಚ್ಚಗಾದ್ರೆ ಓಡುತ್ತೆ," ಎಂದು ಹಳೆಯ ಕಂಬಳಿ ಕತ್ತರಿಸಿ ಗವಸು ಹೊಲಿದಿದ್ದಳು. ಪರದೆಗೆ, ಕೀಲಿಗಳಿಗೆ ಮಾತ್ರ ಜಾಗ ಬಿಟ್ಟು, ಹೊಟ್ಟೆಯ ಕೆಳಗೆ ಆರು ಗುಂಡಿ ಹಾಕಿದ್ದಳು. ಅದು ಇನ್ನೂ ನಿಧಾನವಾಯಿತು. ಅಜ್ಜಿ ಇನ್ನೊಂದು ಪದರ ಸೇರಿಸಿದಳು. ಅಜ್ಜಿಯ ಕಥೆಗಳಲ್ಲಿ ಕಲ್ಲಿಗೂ ಚಳಿಯಾಗುತ್ತಿತ್ತು. ಮೊಮ್ಮಗಳು ಯಾಕೆ ಸಂಶಯಪಟ್ಟಾಳು?

ಈಗ ಅಜ್ಜಿಗೆ ಹೇಳುವುದು ಹೇಗೆ? ಮೋಡದಮ್ಮ ಗಂಟಲು ಸರಿಮಾಡಿಕೊಂಡಳು. "ಅಜ್ಜಿ, ಒಂದೂರಲ್ಲಿ ಇಬ್ಬರು ಆಳುಗಳಿದ್ದರಂತೆ. ಬಿರುಬಿಸಿಲಲ್ಲಿ ಓಡೋವಾಗ ಅವರಿಗೆ ಯಾರೋ ಪ್ರೀತಿಯಿಂದ..."

"ಕಂಬಳಿ ಹೊದಿಸಿದ್ರಂತೆ," ಎಂದಳು ಅಜ್ಜಿ. ಸ್ಕ್ರೂ ಮಾಮನ ದನಿ ಫೋನಿನಿಂದಾಚೆ ಎರಡು ಕೋಣೆಗೆ ಕೇಳುವಂಥದ್ದು. "ಅಯ್ಯೋ ನನ್ನ ಬುದ್ಧಿಗಿಷ್ಟು! ಓಡೋ ಕುದುರೆಗೆ ಹಾಸಿಗೆ ಕಟ್ಟಿದ್ನಲ್ಲೇ! ಸುತ್ತಿಬಳಸಿ ಕಥೆ ಹೇಳ್ತಾ ಕೂತಿದೀಯಲ್ಲ, ಬಿಚ್ಚೇ ಮೊದಲು!"

ಆರು ಗುಂಡಿ ಪಟಪಟನೆ ಬಿಚ್ಚಿದವು. ತಳ ಮುಟ್ಟಿದರೆ ಕಾದ ಹೆಂಚು. ನಾಲ್ಕು ಮೂಲೆಗೆ ನಾಲ್ಕು ರಬ್ಬರ್ ಇಟ್ಟು ಅದನ್ನು ಎತ್ತರಿಸಿದರು. ಅಜ್ಜಿ ಅದೇ ಗವಸನ್ನು ಮಡಚಿ, ಕುರ್ಚಿ ಎಳೆದುಕೊಂಡು ಗಾಳಿ ಹಾಕತೊಡಗಿದಳು. "ಓಡ್ರಪ್ಪಾ, ಓಡಿ! ಸಣ್ಣವನೇ, ಅಣ್ಣನ್ನ ಹಿಂದೆ ಹಾಕೋ!"

"ಅಜ್ಜಿ, ಅವರಲ್ಲಿ ಸಣ್ಣವನು ದೊಡ್ಡವನು ಅಂತಿಲ್ಲ."

"ನಿಂಗೇನು ಗೊತ್ತು, ಸುಮ್ನಿರು."

ಮೂವತ್ತೈದು. ನಲವತ್ತು. ಸಂಖ್ಯೆ ಹಾರಿದಾಗಲೆಲ್ಲ ಮೋಡದಮ್ಮ ಮೇಜಿನ ಸುತ್ತ ಒಂದು ಸುತ್ತು ಕುಣಿದಳು. ಐವತ್ತಕ್ಕೆ ಚಪ್ಪಲಿ ಒಂದು ಮೂಲೆಗೆ ಹಾರಿತು. ಎಪ್ಪತ್ತಕ್ಕೆ ಇಬ್ಬರಿಗೂ ನಗು ತಡೆಯದೆ ಬಿಕ್ಕಳಿಕೆ ಹಿಡಿಯಿತು. ತೊಂಬತ್ತೊಂಬತ್ತರಲ್ಲಿ ಅದು ಗಪ್ಪನೆ ನಿಂತಾಗ ಅಜ್ಜಿ ಬಗ್ಗಿ, ಕಿವಿಯಲ್ಲಿ ಹೇಳುವಂತೆ, "ಮನೆ ಬಾಗಿಲಿಗೆ ಬಂದು ಕೂತ್ಕೋತಾರೇನ್ರೋ ಪೆದ್ದುಗಳಾ?" ಎಂದಳು.

ನೂರು! ಗಡಿಯಾರದಲ್ಲಿ ಮೂರೂ ಹತ್ತು.

ನಾಲ್ಕು ಗಂಟೆಗೆ ಲೈಬ್ರರಿಯ ಚಾಪೆಯ ಮೇಲೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಕೂತಿದ್ದರು. ಬರಿಮೈಯ ಲ್ಯಾಪ್‌ಟಾಪ್ ನಾಲ್ಕು ರಬ್ಬರಿನ ಮೇಲೆ ರಾಜನಂತೆ ನಿಂತಿತ್ತು. ಬಸವನಹುಳು ಎಲೆಯ ದೋಣಿಯಲ್ಲಿ ಹೊಳೆ ದಾಟಿತು, ಬೆಟ್ಟ ಹತ್ತಿತು, ಚಂದ್ರನ ಕೈಗೆ ದೀಪ ಕೊಟ್ಟಿತು. ಹಲ್ಲಿಲ್ಲದ ಹುಡುಗಿ ಬಾಯಿ ತೆರೆದವಳು ಮುಚ್ಚಲೇ ಇಲ್ಲ.

ಪರದೆ ಕಪ್ಪಾಯಿತು. ಆಗ ಮೋಡದಮ್ಮ ಕತ್ತರಿಸಲು ಮರೆತಿದ್ದ ಅಜ್ಜಿಯ ದನಿಯೊಂದು ಕೊನೆಗೆ ಕೇಳಿಸಿತು: "ಏ ಮೋಡದಮ್ಮ, ಕಥೆ ಮುಗೀತು ಕಣೇ. ಆರಿಸು ಅದನ್ನ, ಪಾಪ, ದಣಿದಿರುತ್ತೆ."

ಮಕ್ಕಳೆಲ್ಲ ಹೋ ಎಂದು ನಕ್ಕರು. ಮೋಡದಮ್ಮ ಆರಿಸಿದಳು.