ನಮ್ಮ ಅಲ್ಪವಿರಾಮ

ಯಾರಿಗೆ ಕೇಡು ಬಗೆದಿದ್ದರೋ ಅವರನ್ನೇ ಬಾಯಿ ತುಂಬ ಹೊಗಳುವುದು ಅಲ್ಪವಿರಾಮರ ಸ್ವಭಾವವಾಗಿತ್ತು. ಅಚ್ಚುಕೂಟದಲ್ಲಿ ಕರಡು ತಿದ್ದುವ ಪ್ರೂಫ್ ಕೋಣೆಯಲ್ಲಿ ಐದು ವರ್ಷ ಅವರ ಪಕ್ಕದ ಮೇಜಿನಲ್ಲಿ ಕುಳಿತ ನನಗೆ ಇದು ಅರ್ಥವಾಗಲು ನಾಲ್ಕು ವರ್ಷ ಹಿಡಿಯಿತು. ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಅಕ್ಕಪಕ್ಕದ ಮೇಜುಗಳ ಮೇಲೆ ಕಣ್ಣಾಡಿಸುವುದು, ಮತ್ತೆರಡು ಹೆಜ್ಜೆ ಇಡುವುದು. ಈ ನಡಿಗೆಯಿಂದಾಗಿ ಬೆನ್ನ ಹಿಂದೆ ನಾವು ಅವರಿಗೆ ಇಟ್ಟ ಹೆಸರು ‘ಅಲ್ಪವಿರಾಮ’. ಕಡುಬೇಸಿಗೆಯಲ್ಲೂ ಬಿಚ್ಚದ ಬೂದುಬಣ್ಣದ ಕೋಟು, ಪ್ರತಿ ಸುಳ್ಳಿಗೂ ಮೊದಲು “ನಿಜ ಹೇಳ್ಲಾ?” ಎಂಬ ಪೀಠಿಕೆ.

ಅವರ ಬಾಯಿಗೆ ಸಿಕ್ಕಿ ಹಾಳಾದ ಹೆಸರುಗಳು ಕಡಿಮೆಯೇನಲ್ಲ. ಒಬ್ಬರ ರಜೆಯ ಅರ್ಜಿ ಯಜಮಾನರನ್ನು ತಲುಪುತ್ತಲೇ ಇರಲಿಲ್ಲ. ಇನ್ನೊಬ್ಬರು ಆಡದ ಮಾತು ಉಪ್ಪು ಖಾರ ಹಚ್ಚಿಕೊಂಡು ತಲುಪುತ್ತಿತ್ತು. ಆದರೆ ನನ್ನ ತಾಯಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಹನ್ನೊಂದು ದಿನವೂ, ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಪತ್ರಿಕೆ ಓದಿ ಹೇಳಿ, ಆಕೆಯನ್ನು ನಗಿಸಿ ಬಂದವರೂ ಇವರೇ. ನನಗೆ ಅಕ್ಷರದ ಕೆಲಸ ಕಲಿಸಿದ ಗುರುವೂ ಇವರೇ.

ಕೋಣೆಯ ಮುಖ್ಯಸ್ಥರ ಜಾಗ ಖಾಲಿಯಾದಾಗ, ಅದು ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ಪ್ರೂಫ್ ರೀಡರಿಗೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ವಾರವೆಲ್ಲ ಅಲ್ಪವಿರಾಮರು ಅಕ್ಕನನ್ನು ಹೊಗಳಿ ಅಟ್ಟಕ್ಕೇರಿಸಿದರು. ಅಚ್ಚಿಗೆ ಹೋಗುತ್ತಿದ್ದುದು ದಾದಿಯರ ಕೈಪಿಡಿ. ಮೊದಲ ಹಾಳೆ ಯಂತ್ರದಿಂದ ಇಳಿದೊಡನೆ, ಅಭ್ಯಾಸಬಲದಿಂದ ಇನ್ನೊಮ್ಮೆ ಓದಿದ ಅಕ್ಕ ಕೂಗಿ ಯಂತ್ರ ನಿಲ್ಲಿಸಿದರು. ಮಕ್ಕಳ ಔಷಧಿಯ ಪ್ರಮಾಣ ೨.೫ ಎಂದಿರಬೇಕಾದದ್ದು ೨೫ ಆಗಿತ್ತು. ಅಕ್ಕನ ಸಹಿಯಿದ್ದ ಪ್ರೂಫಿನಲ್ಲಿ, ಅಕ್ಕನದೇ ಹಸಿರು ಶಾಯಿಯಲ್ಲಿ, ಬಿಂದುವನ್ನು ತೆಗೆಯಬೇಕೆಂಬ ಗುರುತಿತ್ತು. ಅಚ್ಚುಮೊಳೆ ಜೋಡಿಸುವವರು ಅದರಂತೆ ಬಿಂದುವನ್ನು ಕಿತ್ತಿದ್ದರು.

ಯಜಮಾನರು ಬಂದರು. ಹಿಂದಿನ ಮಧ್ಯಾಹ್ನ ಅಕ್ಕನ ಪೆನ್ನು ಹಿಡಿದು ಅಕ್ಕನ ಮೇಜಿನ ಮೇಲೆ ಬಾಗಿದ್ದ ಅಲ್ಪವಿರಾಮರನ್ನು ನಾನು ಕಂಡಿದ್ದೆ. ತಾಯಿಯ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತ ಅವರ ಚಿತ್ರವೇ ಕಣ್ಣಮುಂದೆ. ಕೊನೆಗೆ ಹೇಳಿಬಿಟ್ಟೆ.

“ನಿಜ ಹೇಳ್ಲಾ?” ಎನ್ನುತ್ತ ಅಲ್ಪವಿರಾಮರು ನನ್ನತ್ತ ತಿರುಗಿ, ಅತ್ಯಂತ ಮೃದುವಾಗಿ ಕೇಳಿದರು: “ಅಮ್ಮ ಈಗ ಹೇಗಿದಾರಪ್ಪ?”

ಅಕ್ಕ ಹಾಳೆಯನ್ನು ಅವರ ಮುಂದೆ ಹಿಡಿದರು. “ಇದನ್ನ ನೋಡ್ಕೊಂಡು ಯಾರಾದ್ರೂ ಒಂದು ಮಗೂಗೆ ಔಷಧಿ ಕೊಟ್ಟಿದ್ರೆ ಏನ್ರೀ ಗತಿ?”

ಅವರು ಆ ಅಂಕಿಯ ಮೇಲೆ ಬೆರಳಿಟ್ಟರು. ಆ ಪೀಠಿಕೆಯಿಲ್ಲದೆ ಅವರು ತಮ್ಮ ತಪ್ಪಿನ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ: “ಮಗು ನೆನಪಿಗೇ ಬರ್ಲಿಲ್ಲಮ್ಮ. ನಿಮಗೆ ಸಿಗೋ ಕುರ್ಚಿ ಒಂದೇ ಕಾಣ್ತಿತ್ತು.”

ಅಂದೇ ಅವರ ಕೆಲಸ ಹೋಯಿತು. ಹೊರಡುವಾಗ ನನ್ನ ಮೇಜಿನ ಬಳಿ ನಿಂತು, “ಮೂರನೇ ಸಾಲಲ್ಲಿ ಒಂದು ಒತ್ತಕ್ಷರ ಬಿಟ್ಟಿದೀಯ, ನೋಡ್ಕೋ” ಎಂದರು. ನಿಜವಾಗಿಯೂ ಬಿಟ್ಟಿದ್ದೆ. ತಿದ್ದುವಾಗ ಅಕ್ಷರ ಮಂಜಾಗಿ ಕಂಡಿತು.

ಇಂಥವರಲ್ಲಿ ಪ್ರೀತಿಯೇ ಇಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಹಾಸಿಗೆ ಹಿಡಿದವರನ್ನು, ಕಲಿಯುವವರನ್ನು, ತಮಗಿಂತ ಕೆಳಗಿರುವವರನ್ನು ಅವರು ಧಾರಾಳವಾಗಿ ಪ್ರೀತಿಸಬಲ್ಲರು. ಸರಿಸಮನಾಗಿ ಎದ್ದು ನಿಂತವರನ್ನು ಕಂಡಾಗ ಅವರೊಳಗೆ ಏನೋ ಕತ್ತಲಾಗುತ್ತದೆ. ಆ ಕತ್ತಲಿಗೆ ಜೊತೆಯವರ ದುಡಿಮೆಯನ್ನಾಗಲಿ, ಮುಖ ಕಾಣದ ಮಕ್ಕಳ ಪ್ರಾಣವನ್ನಾಗಲಿ ಒಪ್ಪಿಸಲಾಗದು, ಅಂಥವರಿಗೆ ಬಾಗಿಲು ತೋರಿಸಲೇಬೇಕು. ತೋರಿಸಿದ ಕೈ ಆಮೇಲೆ ಬಹುಕಾಲ ನೋಯುತ್ತದೆ.