ಅರವತ್ತು ಸಹಿ, ಒಂದೇ ಅರ್ಜಿ

ಅಂತ್ಯಕ್ರಿಯೆ ಮುಗಿದು, ಬಂದ ನೆಂಟರೆಲ್ಲ ಅವರವರ ಮನೆಗೆ ಹೊರಟುಹೋದ ಮರುದಿನವೂ ಎಂದಿನ ಹಾಗೆಯೇ ಬೆಳಗಾಯಿತು. ನಲ್ಲಿಯಲ್ಲಿ ನೀರು ಬಂತು. ಹಾಲಿನವನು ಬಂದ. ಸೊಸೆ ಸ್ಟೌವ್ ಹಚ್ಚಿ, ಯಾಕೆ ಹಚ್ಚಿದೆ ಎಂದು ತಿಳಿಯದೆ ಸ್ವಲ್ಪ ಹೊತ್ತು ಅದರ ಮುಂದೆ ನಿಂತಳು.

ಅತ್ತೆ ಆಗಲೇ ತಲೆ ಬಾಚಿ, ನೀಲಿ ಕೋಟು ತೊಟ್ಟು ಸಿದ್ಧವಾಗಿದ್ದರು. ಆಸ್ಪತ್ರೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವುದು ಅವರ ಕೆಲಸ. ಮಗ ಹೋದ ಮೇಲೆ ಮನೆಗೆ ಬರುವ ಸಂಬಳ ಅದೊಂದೇ. ಆರೂ ಹತ್ತರ ಮೊದಲ ಬಸ್ಸು ಹಿಡಿದರೆ ಏಳಕ್ಕೆ ಆಸ್ಪತ್ರೆ. ಮುಂದಿನ ಬಸ್ಸು ಏಳೂವರೆಗೆ. ಅಷ್ಟು ಹೊತ್ತಿಗೆ ರೋಗಿಗಳು ತಿಂಡಿ ತಿಂದು ಕೈ ತೊಳೆದಿರುತ್ತಾರೆ.

"ಏನಾದ್ರೂ ತಿನ್ನು," ಎಂದರು ಅತ್ತೆ.

"ಹೂಂ."

"ಹೂಂ ಅಂದ್ರೆ ಹೊಟ್ಟೆ ತುಂಬಲ್ಲ."

ಗೇಟಿನ ಹತ್ತಿರ ಸೈಕಲ್ ಬೆಲ್ಲು ಕೇಳಿಸಿತು. ಪೇಪರ್ ಹಾಕುವ ಹೆಂಗಸು. ಬೀದಿಯವರು ಅವಳನ್ನು ಕರೆಯುವುದೇ ‘ಆರನೇ ಪುಟ’ ಎಂದು. ಎಲ್ಲರೂ ಮೊದಲ ಪುಟ ಬಿಡಿಸುವಷ್ಟರಲ್ಲಿ ಇವಳು ಆರನೇ ಪುಟ ಓದಿ ಮುಗಿಸಿರುತ್ತಾಳೆ. ನೀರು ಎಂದು ನಿಲ್ಲುತ್ತದೆ, ಯಾವ ರಸ್ತೆ ಅಗೆಯುತ್ತಾರೆ, ಪುರಸಭೆ ಏನು ನೋಟಿಸು ಹೊರಡಿಸಿದೆ, ಎಲ್ಲ ಇರುವುದು ಅಲ್ಲೇ, ಇರುವೆ ಸಾಲಿನಂಥ ಅಕ್ಷರದಲ್ಲಿ.

"ಪೇಪರು ಅವರ ಹೆಸರಲ್ಲಿತ್ತು," ಎಂದಳು ಅವಳು ದನಿ ತಗ್ಗಿಸಿ. "ನಿಲ್ಲಿಸ್ಲಾ, ತಂಗಿ?"

"ಬೇಡಕ್ಕ. ಹಾಕಿ."

"ಹಾಗಾದ್ರೆ ಇದನ್ನ ನೋಡು. ಎಂಟು ದಿನದ ಹಿಂದಿನದು. ಸಾವಿನ ಮನೇಲಿ ಬಸ್ಸಿನ ಮಾತು ಹೇಗೆ ಎತ್ತೋದು ಅಂತ ಚೀಲದಲ್ಲೇ ಇಟ್ಕೊಂಡಿದ್ದೆ."

ವಿಶ್ವವಿದ್ಯಾಲಯದಲ್ಲಿ ಓದಿದ ಸೊಸೆಯೂ ಆ ನೋಟಿಸನ್ನು ಎರಡು ಸಲ ಓದಬೇಕಾಯಿತು. ಅದರ ತಿರುಳು ಇಷ್ಟು: ಆರೂ ಹತ್ತರ ಬಸ್ಸಿಗೆ ಈ ಬಡಾವಣೆಯಲ್ಲಿ ಒಂಬತ್ತೇ ಜನ ಹತ್ತುತ್ತಾರೆ. ಆದ್ದರಿಂದ ಮುಂದಿನ ತಿಂಗಳಿಂದ ಆ ಬಸ್ಸು ಇರುವುದಿಲ್ಲ. ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಪುರಸಭೆಗೆ ಬರೆದುಕೊಡಬೇಕು.

"ಇನ್ನೂ ಏಳು ದಿನ ಇದೆ," ಎಂದಳು ಆರನೇ ಪುಟ.

ಅತ್ತೆಯ ಮುಖ ಸಣ್ಣದಾಯಿತು. ಬಸ್ಸು ನಿಂತರೆ ಕೆಲಸವೂ ನಿಂತಂತೆ. ಆದರೂ ಅವರು ಕೈಚೀಲ ಹೆಗಲಿಗೇರಿಸಿದರು.

"ಬರೆದುಕೊಟ್ರೆ ಏನಾಗುತ್ತೆ? ಕೋಣನ ಮುಂದೆ ಕಿನ್ನರಿ. ಹೋದ ವರ್ಷ ಲೈಬ್ರರಿ ಮುಚ್ಚಬೇಡಿ ಅಂತ ನನ್ನ ಮಗ ಬೀದಿ ತುದೀಲಿ ಮೇಜು ಹಾಕ್ಕೊಂಡು ಕೂತ. ಅರವತ್ತು ಜನರ ಸಹಿ ಹಾಕಿಸಿದ. ಏನಾಯ್ತು? ಈಗ ಲೈಬ್ರರೀಲಿ ಪುರಸಭೆಯ ಮುರಿದ ಕುರ್ಚಿ ಪೇರಿಸಿದ್ದಾರೆ."

"ಅರವತ್ತು ಸಹಿ ಎಷ್ಟು ಹಾಳೇಲಿತ್ತು, ದೊಡ್ಡಮ್ಮ?"

"ಒಂದೇ ಹಾಳೆ. ಹಿಂದೂ ಮುಂದೂ. ನೀಟಾಗಿ ಗೆರೆ ಎಳೆದಿದ್ದ."

"ಎಡವಿದ್ದು ಅಲ್ಲೇ. ಒಂದು ಹಾಳೆ ಅಂದ್ರೆ ಅವರ ಪುಸ್ತಕದಲ್ಲಿ ಒಂದು ಆಕ್ಷೇಪಣೆ. ಮುಚ್ಚಿ ಅಂತ ಎರಡು ಪತ್ರ ಬಂದಿತ್ತಂತೆ. ಎರಡು ದೊಡ್ಡದೋ, ಒಂದು ದೊಡ್ಡದೋ?"

ಮಗನ ತಪ್ಪು ಎತ್ತಿದ್ದು ಅತ್ತೆಗೆ ಹಿಡಿಸಲಿಲ್ಲ.

"ಅವರಿಗೆ ಗೊತ್ತಿರ್ಲಿಲ್ಲ," ಎಂದಳು ಸೊಸೆ.

"ಯಾರಿಗೂ ಗೊತ್ತಿರ್ಲಿಲ್ಲ, ತಂಗಿ. ಆ ಹಾಳೇಲಿ ಹನ್ನೆರಡನೇ ಸಹಿ ನಂದೇ. ಆಮೇಲೆ ಕಚೇರಿಗೆ ಹೋಗಿ ಕೇಳಿ ತಿಳ್ಕೊಂಡೆ."

ಅತ್ತೆ ಹೊಸ್ತಿಲು ದಾಟಿದವರು ಮತ್ತೆ ನಿಂತರು. "ಅಲ್ಲ, ಒಂಬತ್ತು ಜನ ಅಂತ ಯಾರು ಹೇಳಿದ್ದು? ನಾನು ದಿನಾ ಒಂಟಿ ಕಾಲಲ್ಲಿ ಹೋಗ್ತೀನಿ. ಇನ್ನೊಂದು ಕಾಲೂರೋಕೆ ಜಾಗ ಇರಲ್ಲ."

"ಎಣಿಸೋನು ಮೊದಲನೇ ಸ್ಟಾಪಲ್ಲಿ ಮೂರು ದಿನ ನಿಂತಿದ್ನಂತೆ."

"ಮೊದಲನೇ ಸ್ಟಾಪಲ್ಲಿ ಯಾರು ಹತ್ತುತ್ತಾರೆ? ಕೂರೋಕೆ ಕಲ್ಲಿಲ್ಲ, ಮೇಲೆ ಸೂರಿಲ್ಲ. ಎಲ್ಲಾ ನಡ್ಕೊಂಡು ಹೋಗಿ ಎರಡನೇ ಸ್ಟಾಪಲ್ಲಿ, ಚಪ್ಪಲಿ ಹೊಲಿಯೋರ ಅಂಗಡಿ ಮುಂದೆ ಹತ್ತೋದು. ಇದು ಬೀದಿ ನಾಯಿಗೂ ಗೊತ್ತು."

"ನಾಯಿಗೆ ಗೊತ್ತು, ಪುರಸಭೆಗೆ ಗೊತ್ತಿಲ್ಲ. ನೀವು ಹೇಳದಿದ್ರೆ ನಾಯಿ ಹೋಗಿ ಹೇಳುತ್ತಾ?"

ಅತ್ತೆ ಬಸ್ಸಿಗೆ ಓಡಿದರು. ಗೇಟಿನಾಚೆಯಿಂದ ಒಂದು ಮಾತು ತೂರಿ ಬಂತು: "ಬರೆದಿಡೇ. ಸಂಜೆ ಬಂದು ಸಹಿ ಹಾಕ್ತೀನಿ."

ಸೊಸೆ ಬರೆದಳು. ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಶುರುವಾಗಿ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ’ ಎಂದು ಮುಗಿಯುವ ಒಂದೂವರೆ ಪುಟ. ಸಂಜೆ ಆರನೇ ಪುಟ ಅದನ್ನು ಮೊದಲಿಂದ ಕೊನೆಯವರೆಗೆ ಓದಿದಳು.

"ಬರವಣಿಗೆ ಭರ್ಜರಿಯಾಗಿದೆ. ಇದರಲ್ಲಿ ದೊಡ್ಡಮ್ಮ ಎಲ್ಲಿದ್ದಾರೆ?"

ಸೊಸೆ ಹುಡುಕಿದಳು. ಎಲ್ಲೂ ಇರಲಿಲ್ಲ.

"ಇದನ್ನೇ ಎಲ್ಲರೂ ನಕಲು ಮಾಡಿ ಕೊಟ್ರೆ ಮತ್ತೆ ಒಂದೇ ಕಟ್ಟಿಗೆ ಹೋಗಿ ಒಂದೇ ಅಂತ ಲೆಕ್ಕ ಆಗುತ್ತೆ. ಒಬ್ಬರಿಗೊಂದು ಹಾಳೆ. ಹೆಸರು, ಮನೆ ನಂಬರು, ಬಸ್ಸು ಯಾಕೆ ಬೇಕು ಅನ್ನೋದು, ಕೆಳಗೆ ಸಹಿ. ಅವರವರದೇ ಮಾತಲ್ಲಿ ಎರಡು ಸಾಲು ಸಾಕು. ಕೊಟ್ಟ ಮೇಲೆ ಮುದ್ರೆ ಒತ್ತಿದ ರಸೀದಿ ಇಸ್ಕೊಳ್ಳೋದು ಮರೀಬಾರದು."

ಮರುದಿನ ಸೊಸೆ ಗಂಡನ ಕೋಣೆಯಿಂದ ಮಡಿಸುವ ಮೇಜನ್ನು ತಂದು ಗೇಟಿನ ಹೊರಗೆ ಹಾಕಿ ಕುಳಿತಳು. ಬರೆಯಲು ಬಾರದವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಳು. ತುಂಬು ಬಸುರಿ ದರ್ಜಿ ಬಂದು, ಏಳಕ್ಕೆ ಹೋಗದಿದ್ದರೆ ಆಸ್ಪತ್ರೆಯಲ್ಲಿ ಚೀಟಿ ಸಿಗುವುದಿಲ್ಲ ಎಂದಳು. ನಿವೃತ್ತ ಲೆಕ್ಕದ ಮೇಷ್ಟ್ರು ಬಂದರು.

"ವಾರಕ್ಕೊಂದು ಸಲ ತಂಗಿ ಮನೆಗೆ ಹೋಗಿ ಜಗಳ ಆಡ್ತೀನಮ್ಮ. ತಡವಾದ್ರೆ ಅವಳು ಕೆಲಸಕ್ಕೆ ಹೋಗಿರ್ತಾಳೆ. ಜಗಳ ಯಾರ ಹತ್ತಿರ ಆಡಲಿ?"

"ಹಾಗೇ ಬರೀಲಾ ಮೇಷ್ಟ್ರೇ?"

"ಭೇಟಿ ಅಂತ ಬರಿ."

ಕ್ಷೌರಿಕ ಬಂದ. "ಆ ಬಸ್ಸಿಗೆ ಹೋಗೋರೆಲ್ಲ ಮೊದಲು ನನ್ನ ಹತ್ರ ಗಡ್ಡ ಕೆರೆಸ್ಕೊಂಡು ಹೋಗ್ತಾರೆ. ಬಸ್ಸು ನಿಂತ್ರೆ ಊರಲ್ಲಿ ಗಡ್ಡ ಬೆಳೆಯುತ್ತೆ, ನನ್ನ ವ್ಯಾಪಾರ ಬೆಳೆಯಲ್ಲ. ಬರ್ಕೋ." ಸಹಿ ಹಾಕಿ, ಮೇಜಿನ ಅಂಚನ್ನು ಸವರಿದ. "ಇದು ನಂದೇ ಮೇಜು. ನಿನ್ನ ಗಂಡ ಸಹಿ ಹಾಕಿಸ್ತೀನಿ, ನಾಲ್ಕು ದಿನಕ್ಕೆ ಕೊಡಿ ಅಂತ ತಗೊಂಡು ಹೋಗಿದ್ದ."

ಸೊಸೆ ಎದ್ದು ನಿಂತಳು.

"ಕೂತ್ಕೊಮ್ಮ. ಕೆಲಸ ಮುಗೀಲಿ."

ತನ್ನ ಹಾಳೆಯನ್ನು ಅವಳು ಎಲ್ಲರಿಗಿಂತ ಕೊನೆಗೆ ಬರೆದಳು. ‘ನಾನು ಈ ಬಸ್ಸಿನಲ್ಲಿ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಈಗ ದುಡಿಯುವವರು ನಮ್ಮತ್ತೆ ಒಬ್ಬರೇ. ಅವರು ಇದರಲ್ಲಿ ಹೋಗುತ್ತಾರೆ.’ ಮತ್ತೇನೂ ಸೇರಿಸಲಿಲ್ಲ.

ಏಳನೇ ದಿನ ನಲವತ್ಮೂರು ಹಾಳೆ ಕೊಟ್ಟು ನಲವತ್ಮೂರು ರಸೀದಿ ತಂದರು. ಮುಂದಿನ ವಾರ ಪುರಸಭೆಯ ಸಭೆ. ಹಿಂದಿನ ಸಾಲಿನಲ್ಲಿ ನೀಲಿ ಕೋಟಿನಲ್ಲೇ ಕುಳಿತಿದ್ದ ಅತ್ತೆಯನ್ನು ಅಧ್ಯಕ್ಷರು ಕೇಳಿದರು: "ನೀವೇನಾದರೂ ಹೇಳೋದಿದೆಯಾ?"

ಅತ್ತೆ ಎದ್ದರು. "ಒಂಬತ್ತು ಜನ ಅಂತೀರಲ್ಲ ಸ್ವಾಮಿ, ಅದರಲ್ಲಿ ಡ್ರೈವರ್ರು ಕಂಡಕ್ಟರ್ರೂ ಸೇರಿರಬೇಕು. ಒಂದು ದಿನ ಎರಡನೇ ಸ್ಟಾಪಿಗೆ ಬನ್ನಿ. ನನ್ನ ಕಾಲಿನ ಪಕ್ಕ ನಿಮ್ಮ ಕಾಲಿಗೆ ಜಾಗ ಸಿಕ್ರೆ ಬಸ್ಸು ನಿಲ್ಲಿಸಿ."

ಸಭೆ ನಕ್ಕಿತು, ಅಧ್ಯಕ್ಷರೂ ನಕ್ಕರು. ಎರಡನೇ ಸ್ಟಾಪಿನಲ್ಲಿ ಮತ್ತೆ ಎಣಿಸಲು ಹೇಳಿದರು. ದಿನಕ್ಕೆ ಐವತ್ತೊಂದು ಜನ ಸಿಕ್ಕರು. ಬಸ್ಸು ಉಳಿಯಿತು. ಆದರೆ ಸಮಯ ಆರೂ ಹದಿನೈದಾಯಿತು.

"ಐದು ನಿಮಿಷ ಯಾಕೆ ನುಂಗಿದ್ರು?" ಎಂದು ಅತ್ತೆ ಮನೆಗೆ ಬಂದವರೇ ಗೊಣಗಿದರು. "ಒಂದು ಹಾಳೆ ಕೊಡೇ ಇಲ್ಲಿ."

ಭಾನುವಾರ ಸೊಸೆ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಾಲು ಮಡಿಸಿ, ಬಗಲಲ್ಲಿ ಹಿಡಿದು ಕ್ಷೌರದಂಗಡಿಗೆ ನಡೆದಳು.

"ಇಟ್ಕೊಮ್ಮ, ಮುಂದೆ ಬೇಕಾಗುತ್ತೆ," ಎಂದ ಕ್ಷೌರಿಕ.

"ಬೇಕಾದಾಗ ಬಂದು ಕೇಳ್ತೀನಿ, ಅಣ್ಣ. ನಾಲ್ಕು ದಿನ ಅಂದಿದ್ರಲ್ಲ ಅವರು," ಎಂದು ಸೊಸೆ ಮೇಜನ್ನು ಗೋಡೆಗೆ ಒರಗಿಸಿಟ್ಟು ಬಂದಳು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಿನ ಪೇಪರಿನ ಒಳಪುಟವನ್ನೂ ಕಚೇರಿಯ ನೋಟಿಸ್ ಬೋರ್ಡನ್ನೂ ವಾರಕ್ಕೊಮ್ಮೆ ನೋಡಿ. ಗಡುವು ಎಂದು ಮುಗಿಯುತ್ತದೆ, ಅರ್ಜಿಗಳನ್ನು ಹೇಗೆ ಎಣಿಸುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಪಕ್ಕದ ಮನೆಯವರು ಬರೆದರು ಎಂದು ನೀವು ಸುಮ್ಮನಿರಬೇಡಿ. ನಿಮ್ಮ ಹಾಳೆ ನೀವೇ ಬರೆಯಿರಿ, ರಸೀದಿ ಕೇಳಿ ಪಡೆಯಿರಿ. ನೀವು ಬಸ್ಸು ಹತ್ತುವ ಜಾಗ ಯಾವುದೆಂದು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಯಾವ ಕಚೇರಿಯಲ್ಲೂ ಇಲ್ಲ.