ಕಾರು ತಮ್ಮನಿಗೆ, ಪೆಟ್ಟಿಗೆ ಅಣ್ಣನಿಗೆ

ಅಪ್ಪ ತೀರಿಕೊಂಡ ಮೇಲೆ ಪಾಲು ಮಾಡಿಕೊಂಡಾಗ ಹಳೇ ಕಾರು ತಮ್ಮನಿಗೆ ಬಂತು, ಅದರ ಹತ್ಯಾರದ ಪೆಟ್ಟಿಗೆ ಅಣ್ಣನಿಗೆ. ಹೀಗೆ ಹಂಚಿದ ಹಿರಿಯರು ಯಾವ ಲೆಕ್ಕದಲ್ಲಿ ಹಂಚಿದರೋ, ಆ ಪುಣ್ಯಾತ್ಮರಿಗೇ ಗೊತ್ತು. ಅಣ್ಣನದು ಔಷಧಿ ಅಂಗಡಿ. ಸ್ಪಾನರ್ ಹಿಡಿಯುವ ಕೆಲಸವೇ ಇಲ್ಲ. ತಮ್ಮನದು ಫೋಟೋ ಸ್ಟುಡಿಯೋ; ಬಿಡುವಾದಾಗಲೆಲ್ಲ ಕಾರಿನ ಕೆಳಗೆ. ಪೆಟ್ಟಿಗೆ ಕೇಳಲು ಹೋದಾಗ ಅಣ್ಣ, "ಕಾರು ಕೊಡು, ಪೆಟ್ಟಿಗೆ ತಗೋ" ಅಂದ. ಮಾತಿಗೆ ಮಾತು ಬೆಳೆಯಿತು. ಆಮೇಲಿಂದ ಒಂದೇ ಬೀದಿಯಲ್ಲಿದ್ದೂ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಒಂದು ಭಾನುವಾರ ತಮ್ಮ, ಮನೆ ಪಕ್ಕದ ಶೆಡ್ಡಿನಲ್ಲಿ ಕಾರು ನಿಲ್ಲಿಸಿಕೊಂಡು, ಮುಂದಿನ ಚಕ್ರದ ಮುರಿದ ಸ್ಪ್ರಿಂಗ್ ಬಿಚ್ಚಲು ಕೂತ. ಆ ಕಾರಿನಲ್ಲಿ ಸ್ಪ್ರಿಂಗ್, ಕಾರಿನ ಚೌಕಟ್ಟಿಗೂ ಚಕ್ರ ಹಿಡಿದ ಕೆಳಗಿನ ಕಬ್ಬಿಣದ ತೋಳಿಗೂ, ಅಂದರೆ ಆರ್ಮ್‌ಗೂ, ನಡುವೆ ಅದುಮಿಕೊಂಡು ಕೂತಿರುತ್ತದೆ. ಎಚ್ಚರ ತಪ್ಪಿದರೆ ಗುಂಡಿನ ಹಾಗೆ ಹಾರುತ್ತದೆ. ಅದರ ನಡುವೆ ಉದ್ದಕ್ಕೂ ತಿರುಪು ಕೊರೆದ ಥ್ರೆಡ್ ರಾಡ್ ತೂರಿಸಿ, ನಟ್ ಬಿಗಿದು ಹಿಡಿದು, ಆಮೇಲೆ ನಿಧಾನಕ್ಕೆ ಸಡಿಲಿಸಬೇಕು. ಆ ರಾಡ್ ಇದ್ದದ್ದು ಅಪ್ಪನ ಪೆಟ್ಟಿಗೆಯಲ್ಲಿ. ಅದರ ಬದಲು ತಮ್ಮ, ಸ್ಪ್ರಿಂಗ್ ಅದುಮಿ ಹಿಡಿಯಲು ಈಗಿನ ಕಾರುಗಳಿಗೆ ಹಾಕುವ ಕೊಕ್ಕೆಗಳನ್ನು ಗ್ಯಾರೇಜಿನಿಂದ ಎರವಲು ತಂದಿದ್ದ. ದಪ್ಪ ಸುರುಳಿಯ ಮೇಲೆ ಅವು ಸರಿಯಾಗಿ ಕೂರಲಿಲ್ಲ. ಆರ್ಮ್ ಕಳಚಿದ್ದೇ ತಡ, ಒಂದು ಕೊಕ್ಕೆ ಟಣ್ ಅಂತ ಸಿಡಿದು ಗೋಡೆಗೆ ಬಡಿಯಿತು. ಆರ್ಮಿನ ಅಡಿಗೆ ಕೊಟ್ಟಿದ್ದ ಜ್ಯಾಕ್ ಓರೆಯಾಗಿ ನಿಂತಿತು.

ಈಗ ಸ್ಪ್ರಿಂಗನ್ನು ತಡೆದಿದ್ದದ್ದು ಆ ಓರೆ ಜ್ಯಾಕ್ ಒಂದೇ.

ಶೆಡ್ಡಿನ ಒಳಮೂಲೆಯಲ್ಲಿದ್ದ ತಮ್ಮ. ಹೊರಬರಲು ಶಟರ್ ಒಂದೇ ದಾರಿ, ಅದಕ್ಕೆ ಸ್ಪ್ರಿಂಗಿನ ಮುಂದೆಯೇ ಹಾಯಬೇಕು. ಕಾರಿನ ಆಚೆ ಕಡೆ ಗೋಡೆಗೆ ಗೇಣಷ್ಟು ಜಾಗ; ಕೆಳಗೆ ತೂರಿದರೆ ಜ್ಯಾಕಿಗೇ ತಾಗುತ್ತದೆ. ಹತ್ತಿ ದಾಟೋಣವೆಂದು ಮಡ್‌ಗಾರ್ಡಿನ ಮೇಲೆ ಕೈ ಊರಿದ. ಜ್ಯಾಕ್ ಕಿರ್ ಅಂದಿತು. ಬಿಸಿ ಮುಟ್ಟಿದವನ ಹಾಗೆ ಕೈ ತೆಗೆದ. ಬೆನ್ನ ಹಿಂದೆ ಕಂಬಿ ಹಾಕಿದ ಕಿಟಕಿ ಇತ್ತು.

"ರೀ, ಏನದು ಶಬ್ದ?" ಹೆಂಡತಿ ಕಿಟಕಿಗೆ ಬಂದಳು.

"ಶಟರ್ ಮುಟ್ಟಬೇಡ, ಮಾರಾಯ್ತಿ! ನಾನು ಸಿಕ್ಕಿಹಾಕಿಕೊಂಡಿದೀನಿ."

ಅವಳು ಎಲ್ಲ ಕೇಳಿಸಿಕೊಂಡಳು. "ಭಾವನ ಹತ್ರ ಆ ರಾಡ್ ಇದೆಯಲ್ಲ?"

"ಅವನ ಹೆಸರೆತ್ತಬೇಡ. ಲಾರಿ ಶೆಡ್ಡಿನಿಂದ ಇನ್ನೊಂದು ಜ್ಯಾಕ್ ತಗೊಂಡು ಬಾ."

ತಂದಳು. ಏದುಸಿರು ಬಿಡುತ್ತ ಕಿಟಕಿಯಲ್ಲಿ ಎತ್ತಿ ತೋರಿಸಿದಳು. ನೋಡಿದ ಕೂಡಲೇ ಗೊತ್ತಾಯಿತು, ಅದು ಆರ್ಮಿನ ಕೆಳಗೆ ತೂರುವಷ್ಟು ಗಿಡ್ಡ ಇಲ್ಲ. ಅಂಥದೇ ರಾಡ್ ಮಾಡಿಕೊಡುವ ಲೇತ್ ಅಂಗಡಿ ನೆನಪಾಯಿತು. ಭಾನುವಾರ ಅದಕ್ಕೆ ಬೀಗ. ಅವಳು ಮತ್ತೆ ಎಲ್ಲಿಗೋ ಹೋದಳು, ಹೇಳದೆ.

ಕಾಲು ಮಡಚಿಕೊಂಡೇ ಕೂತಿದ್ದ ತಮ್ಮ. ಚಾಚಿದರೆ ಕಾರಿಗೆ ತಾಗುತ್ತದೆ. ಒಂದು ಕಾಲು ಜೋಮು ಹಿಡಿದು, ತನ್ನದೋ ಬೇರೆಯವರದೋ ಅನ್ನುವ ಹಾಗಾಯಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಉಸಿರು ಜೋರಾದರೂ ಜ್ಯಾಕ್ ಜಾರೀತೆಂದು ಹೆದರಿಕೆ. ತಾನೇ ಬಾಡಿಗೆ ಕೊಟ್ಟು ಹಿಡಿದ ಶೆಡ್ಡು, ತಾನೇ ಹಾಕಿಸಿದ ಕಂಬಿ. ಒದರಿ ಅಳಬೇಕು ಅನಿಸಿತು.

"ಲೋ."

ಕಿಟಕಿಯಲ್ಲಿ ಅಣ್ಣ. ಕೈಯಲ್ಲಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ ರಾಡ್. ತಮ್ಮ ಮುಖ ತಿರುಗಿಸಬೇಕೆಂದರೂ ಅಲ್ಲಿ ತಿರುಗಿಸಲು ಜಾಗವಿರಲಿಲ್ಲ.

"ಬೈಯೋದಾದ್ರೆ ಬೈದುಬಿಡು," ಅಂದ ತಮ್ಮ.

"ಆಮೇಲೆ ಬೈತೀನಿ. ಸ್ಪ್ರಿಂಗಿನ ಮೇಲಿನ ತೂತು ಖಾಲಿ ಇದೆಯಾ?"

"ಖಾಲಿ. ಅಲ್ಲಿದ್ದ ಶಾಕ್ ಅಬ್ಸಾರ್ಬರ್ ತೆಗೆದಿದೀನಿ."

"ಹಾಗಾದ್ರೆ ರಾಡಿನ ಈ ಕಬ್ಬಿಣದ ತಟ್ಟೆ, ನಟ್ಟು ಹಿಡ್ಕೋ. ನಾನು ಹಿಂದಿನಿಂದ ತೆವಳಿಕೊಂಡು ಬಂದು ಕೆಳಗಿನಿಂದ ರಾಡ್ ತೂರಿಸ್ತೀನಿ."

"ಬೇಡ ಕಣೋ! ಅದು ಹಾರಿದ್ರೆ?"

"ಅಪ್ಪ ಇದನ್ನ ಹಾಕೋವಾಗ ಕೆಳಗೆ ದೀಪ ಹಿಡೀತಿದ್ದವನು ನಾನು. ಸುಮ್ನಿರು."

ಅಣ್ಣ ಶಟರನ್ನು ಮೆಲ್ಲಗೆ ಮೊಣಕಾಲೆತ್ತರ ಎತ್ತಿ ನುಸುಳಿದ. ಇಸ್ತ್ರಿ ಮಾಡಿದ ಅಂಗಿ ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ತೆರೆದ ಬಾನೆಟ್ಟಿನೊಳಗಿನ ತೂತಿನಲ್ಲಿ ರಾಡಿನ ತುದಿ ಮೂಡಿತು. ತಮ್ಮ ತಟ್ಟೆ ಕೂರಿಸಿದ; ನಟ್ಟು ಒಮ್ಮೆ ತಪ್ಪಿತು.

"ಅವಸರ ಮಾಡಬೇಡ," ಕೆಳಗಿನಿಂದ ದನಿ ಬಂತು.

ನಟ್ಟು ಹಿಡಿಯಿತು. ತಮ್ಮ ಬಿಗಿಯುತ್ತ ಹೋದ. ಸುರುಳಿಗಳು ಒಂದಕ್ಕೊಂದು ಹತ್ತಿರವಾದವು. ಜ್ಯಾಕಿನ ಮೇಲಿನ ಭಾರ ಇಳಿದು ಅದು ತಾನಾಗಿಯೇ ಪಕ್ಕಕ್ಕೆ ಉರುಳಿತು. ಇಬ್ಬರೂ ಉಸಿರು ಹಿಡಿದರು. ಸ್ಪ್ರಿಂಗ್ ಅಲುಗಲಿಲ್ಲ. ಆಮೇಲೆ ನಟ್ಟನ್ನು ಸುತ್ತು ಸುತ್ತಾಗಿ ಸಡಿಲಿಸಿ ಅದನ್ನು ಹೊರಗಿಳಿಸಿದರು.

ತಮ್ಮ ಕುಂಟುತ್ತ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದ. ಅಣ್ಣ ರಾಡನ್ನು ಒರೆಸಿ ಮತ್ತೆ ಬಟ್ಟೆ ಸುತ್ತಿದ.

"ಹೊಸ ಸ್ಪ್ರಿಂಗ್ ಹಾಕೋಕೆ ಬೇಕಲ್ಲ. ಇಲ್ಲೇ ಇಟ್ಟು ಹೋಗು," ಅಂದ ತಮ್ಮ.

"ಯಾಕೆ, ಮತ್ತೆ ಒಬ್ಬನೇ ಮೂಲೆ ಸೇರೋಕಾ? ಹಾಕೋ ದಿನ ಕರಿ, ಬರ್ತೀನಿ."

"ನಾನು ಕರೀದೇ ಇದ್ರೆ?"

"ಮೂರು ಚಕ್ರದಲ್ಲಿ ಓಡಿಸು." ಅಣ್ಣ ಗ್ರೀಸ್ ಮೆತ್ತಿದ ಅಂಗಿಯಲ್ಲೇ ಬೀದಿಗಿಳಿದ.

ತಮ್ಮನಿಗೆ ಕೋಪವೂ ಬಂತು, ನಗುವೂ ಬಂತು. ಹೆಂಡತಿ ನೀರು ತಂದುಕೊಟ್ಟಳು. ಲೋಟ ಹಿಡಿಯಲು ಅವನಿಗೆ ಎರಡೂ ಕೈ ಬೇಕಾದವು.